ಬರಹದಲ್ಲಿ ‘ನೋಯಿಸುವ ಪದ’ ಹುಡುಕುವ ಟೂಲ್‌ಗಳು: ಕನ್ನಡಕ್ಕೂ ಬೇಕಾ?

ಅಡಿಟಿಪ್ಪಣಿ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಕ್ನಿಕಲ್ ರೈಟರ್. ನಮ್ಮ ಇಂಗ್ಲಿಷ್ ಡಾಕ್ಯುಮೆಂಟ್‌ಗಳೆಲ್ಲ ‘ಮಾರ್ಕ್‌ಡೌನ್’ ಎಂಬ ಸರಳ ಟೆಕ್ಸ್ಟ್ ರೂಪದಲ್ಲಿವೆ. ಈಚೆಗೆ ಅದಕ್ಕೆ ‘ಅಲೆಕ್ಸ್’ ಎಂಬ ಟೂಲ್ ಜೋಡಿಸಿದ್ದಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ನಾವು ಬರೆದದ್ದನ್ನು ಓದುತ್ತದೆ. ಯಾರಿಗಾದರೂ ನೋವಾಗುವ ಅಥವಾ ಯಾರನ್ನಾದರೂ ಹೊರಗಿಡುವ ಪದ ಸಿಕ್ಕರೆ ಸಾಲಿನ ನಂಬರ್ ಸಮೇತ ತೋರಿಸುತ್ತದೆ, ಬದಲಿ ಪದವನ್ನೂ ಹೇಳುತ್ತದೆ. ನಮ್ಮಲ್ಲಿ ಒಂದು ಎಚ್ಚರಿಕೆ ಬಂದರೂ ಬಿಲ್ಡ್ ಫೇಲ್, ಅಂದರೆ ಕೆಲಸ ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತದೆ.

ಮೊನ್ನೆ ‘ಹೋಸ್ಟ್’ ಎಂದು ಬರೆದಿದ್ದಕ್ಕೆ ಹಿಡಿಯಿತು. ಸರ್ವರ್ ಹೋಸ್ಟ್ ಮಾರಾಯ್ರೆ, ಮದುವೆಮನೆಯ ಹೋಸ್ಟ್ ಅಲ್ಲ! ಹೋಸ್ಟ್, ಹೋಸ್ಟೆಸ್ ಜೋಡಿಯಲ್ಲಿ ಇದು ಗಂಡಸಿನ ಪದ ಅಂತ ಅದರ ಲೆಕ್ಕ. ಪ್ರೋಗ್ರಾಂ ‘ಎಕ್ಸಿಕ್ಯೂಟ್’ ಮಾಡಿ ಅಂದರೆ ಯಾರನ್ನೋ ನೇಣಿಗೆ ಹಾಕುತ್ತಿದ್ದೇವೆ ಅಂತ ಇನ್ನೊಂದು ತಕರಾರು.

ಇದಾದರೂ ಹೋಗಲಿ. ಈಗ ನಮ್ಮ ಆ್ಯಪ್ ಕನ್ನಡದಲ್ಲೂ ಬರುತ್ತಿದೆ. ‘ಕನ್ನಡಕ್ಕೂ ಇಂಥದ್ದೊಂದು ಚೆಕ್ ಹಾಕಿ’ ಎಂದು ಮ್ಯಾನೇಜರ್ ಹೇಳಿದ್ದಾರೆ. ಅಲೆಕ್ಸ್‌ಗೆ ಕನ್ನಡ ಬರುವುದಿಲ್ಲ. ಯಾರಾದರೂ ಕನ್ನಡಕ್ಕೆ ಇಂಥದ್ದು ಮಾಡಿದ್ದೀರಾ? ಮಾಡಿದರೆ ಏನಾದರೂ ಪ್ರಯೋಜನ ಇದೆಯಾ, ಇಲ್ಲಾ ಸುಮ್ನೆ ತಲೆನೋವಾ?

ಕೋಡುಬಳೆ
ಮೊದಲು ಇಂಗ್ಲಿಷ್‌ನ ತಲೆನೋವಿಗೆ ಔಷಧಿ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಅಲೆಕ್ಸ್‌ನ ಕಾನ್ಫಿಗ್ ಫೈಲ್ ಇಡಿ. ಅದರಲ್ಲಿ ‘ಅಲೋ’ ಪಟ್ಟಿ ಇರುತ್ತದೆ. ಅಲ್ಲಿಗೆ ಹೋಸ್ಟ್ ರೂಲ್ ಸೇರಿಸಿ, ಆ ಕಾಟ ತಪ್ಪುತ್ತದೆ. ಬೈಗುಳದ ವಿಷಯಕ್ಕೆ ‘ಶ್ಯೂರ್‌ನೆಸ್’ ಎಂಬ ಅಳತೆ ಇದೆ, 0ಯಿಂದ 2ರವರೆಗೆ. 2ಕ್ಕೆ ಇಟ್ಟರೆ ಬಹುಪಾಲು ನಿಜವಾದ ಬೈಗುಳಕ್ಕೆ ಮಾತ್ರ ಬಾಯಿಬಿಡುತ್ತದೆ. ಒಂದು ಪ್ಯಾರಾಕ್ಕೆ ಮಾತ್ರ ಬೇಡ ಎಂದಿದ್ದರೆ ಅದರ ಮೇಲೆ ಇಗ್ನೋರ್ ಕಾಮೆಂಟ್ ಹಾಕಬಹುದು.

ಟೂಲ್ ಕೆಟ್ಟದ್ದಲ್ಲ. ಬಿಲ್ಡ್ ಫೇಲ್ ಮಾಡುವಂತೆ ಇಟ್ಟವರು ಯಾರೋ, ಅವರಿಗೆ ಹೇಳಿ. ಇಂಥದ್ದು ಸಲಹೆ ಕೊಡಬೇಕೇ ಹೊರತು ಗೇಟ್ ಹಾಕಬಾರದು.

ಪೈಪ್‌ಲೈನ್_ರಿಪೇರಿ
ಸಲಹೆನೂ ಬೇಡ ಗುರು. ಇದೆಲ್ಲ 2020ರಲ್ಲಿ ಕೋಡ್ ಇಟ್ಟು ಹಂಚುವ ತಾಣವಾದ ಗಿಟ್‌ಹಬ್‌ನವರು ಶುರು ಮಾಡಿದ ನಾಟಕ. ಗುಲಾಮರ ಒಡೆಯ ಎಂಬ ಅರ್ಥ ಬರುತ್ತದೆ ಅಂತ, ಕೋಡ್‌ನ ಮುಖ್ಯ ಬ್ರಾಂಚ್‌ನ (ಕವಲಿನ) ಹೆಸರು ‘ಮಾಸ್ಟರ್’ ಹೋಗಿ ‘ಮೇನ್’ ಆಯಿತು. ಆಮೇಲೆ ನಮ್ಮ ಹಳೇ ಸ್ಕ್ರಿಪ್ಟ್‌ಗಳೆಲ್ಲ ಸಾಲಾಗಿ ಮಲಗಿದವು, ರಾತ್ರಿ ಎದ್ದು ಕೂತು ಸರಿ ಮಾಡಿದವರು ನಾವು. ಇದರಿಂದ ಯಾವ ಕಪ್ಪು ಜನರಿಗೆ ಕೆಲಸ ಸಿಕ್ಕಿತು ಹೇಳಿ ನೋಡೋಣ.

ಸಾಲುಮರ
ಗಿಟ್‌ಹಬ್ ಶುರು ಮಾಡಿದ್ದಲ್ಲ ಸರ್. 2003ರಲ್ಲೇ ಲಾಸ್ ಏಂಜಲೀಸ್ ಕೌಂಟಿಯವರು ತಮಗೆ ಸಾಮಾನು ಕೊಡುವ ಕಂಪನಿಗಳಿಗೆ ‘ಮಾಸ್ಟರ್–ಸ್ಲೇವ್’ (ಒಡೆಯ–ಗುಲಾಮ) ಲೇಬಲ್ ಬೇಡ ಎಂದು ಪತ್ರ ಬರೆದಿದ್ದರು. 2014ರಲ್ಲಿ ಜ್ಯಾಂಗೋ ಎಂಬ ವೆಬ್ ಸಾಫ್ಟ್‌ವೇರ್ ಈ ಪದಗಳನ್ನು ಬದಲಾಯಿಸಿತು, ಅಲ್ಲೂ ಇದೇ ಜಗಳ ಆಗಿತ್ತು. 2018ರಲ್ಲಿ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಮತ್ತು ಡೇಟಾಬೇಸ್ ಸಾಫ್ಟ್‌ವೇರ್ ರೆಡಿಸ್. ಲಿನಕ್ಸ್ ಕರ್ನಲ್ (ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳು) 2020ರ ಜುಲೈನಲ್ಲಿ ಹೊಸ ಕೋಡ್‌ಗೆ ನಿಯಮ ಮಾಡಿತು. ಹಳೆಯದನ್ನು ಮುಟ್ಟಿ ಬಳಕೆದಾರರ ಪ್ರೋಗ್ರಾಂ ಮುರಿಯಬೇಡಿ ಎಂಬ ವಿನಾಯಿತಿಯನ್ನೂ ಇಟ್ಟಿತು. ನಿಮ್ಮ ಸ್ಕ್ರಿಪ್ಟ್ ಮುರಿದಿದ್ದು ನೀತಿಯಿಂದಲ್ಲ, ಬ್ರಾಂಚ್ ಹೆಸರನ್ನು ಸ್ಕ್ರಿಪ್ಟ್ ಒಳಗೇ ಗಟ್ಟಿಯಾಗಿ ಬರೆದಿಟ್ಟಿದ್ದರಿಂದ. ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಬದಲಾಯಿಸಿದ್ದು ಹೊಸ ರೆಪೊಗಳ (ಕೋಡ್ ಸಂಗ್ರಹಗಳ) ಡೀಫಾಲ್ಟ್ ಬ್ರಾಂಚ್ ಹೆಸರನ್ನು ಮಾತ್ರ.

ಇನ್ನೊಂದು. ಅಲೆಕ್ಸ್ ಬರೀ ‘ಮಾಸ್ಟರ್’ ಕಂಡರೆ ಹಿಡಿಯುವುದಿಲ್ಲ. ಅದೇ ಬರಹದಲ್ಲಿ ‘ಸ್ಲೇವ್’ ಕೂಡ ಇದ್ದರೆ ಮಾತ್ರ ಜೋಡಿಯಾಗಿ ತೋರಿಸುತ್ತದೆ. ಅಷ್ಟು ಬುದ್ಧಿ ಅದಕ್ಕಿದೆ.

ಮೇಷ್ಟ್ರ_ಮಗ
ನಮ್ಮ ಬೀದಿಯಲ್ಲಿ ಮಾಸ್ಟರ್ ಅಂದ್ರೆ ಟೈಲರ್, ಡ್ಯಾನ್ಸ್ ಕಲಿಸುವವರು, ದೋಸೆ ಹುಯ್ಯುವವರು. ಎಲ್ಲರಿಗೂ ಮರ್ಯಾದೆಯ ಪದ. 😄

ಪೈಪ್‌ಲೈನ್_ರಿಪೇರಿ
@ಸಾಲುಮರ ಇಸವಿ ಪಟ್ಟಿ ಕೊಟ್ಟಿದ್ದೀರಿ, ಸರಿ. ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಪದ ಬದಲಾದರೆ ಬದುಕು ಬದಲಾಗುತ್ತಾ?

ಹುಚ್ಚೆಳ್ಳು_ಚಟ್ನಿ
ನಾನು ಕನ್ನಡಕ್ಕೆ ಮಾಡಿ ನೋಡಿದ್ದೇನೆ. ಅಲೆಕ್ಸ್ ಅಲ್ಲ, ‘ವೇಲ್’ ಎಂಬ ಇನ್ನೊಂದು ಟೂಲ್‌ನಲ್ಲಿ. ಅದರಲ್ಲಿ ನಮ್ಮದೇ ರೂಲ್ ಫೈಲ್ ಬರೆಯಬಹುದು. ಈ ಪದ ಬಂದರೆ ಆ ಪದ ಸೂಚಿಸು, ಇಂಥದ್ದಕ್ಕೆ ಬರೀ ಸಲಹೆ, ಅಂಥದ್ದಕ್ಕೆ ಎರರ್ ಅಂತೆಲ್ಲ ಹೇಳಬಹುದು. ಸಲೀಸು ಅಂದುಕೊಂಡು ಕೂತೆ.

ಮೊದಲ ಪೆಟ್ಟು ಪದದ ಗಡಿ. ಇಂಗ್ಲಿಷ್‌ನಲ್ಲಿ ರೆಗೆಕ್ಸ್‌ಗೆ (ಬರಹದಲ್ಲಿ ಪದದ ಮಾದರಿ ಹುಡುಕುವ ಸೂತ್ರಕ್ಕೆ) ‘ಇಲ್ಲಿ ಪದ ಶುರು, ಇಲ್ಲಿ ಮುಗಿಯಿತು’ ಎಂದು ಹೇಳುವ ಗುರುತು ಇದೆಯಲ್ಲ, ಅದು ಕನ್ನಡದಲ್ಲಿ ಕೈಕೊಡುತ್ತದೆ. ಜಾವಾಸ್ಕ್ರಿಪ್ಟ್‌ಗೆ ಆ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟರೆ ಬೇರೆ ಯಾವುದೂ ಪದವೇ ಅಲ್ಲ. ಪೈಥಾನ್‌ನ ಮಾಮೂಲಿ ರೆಗೆಕ್ಸ್ ಮಾಡ್ಯೂಲ್ ‘ಕ’ ಅಕ್ಷರ ಅಂತ ಒಪ್ಪುತ್ತದೆ, ಅದರ ಕೊಂಬನ್ನು ಒಪ್ಪುವುದಿಲ್ಲ. ಹಾಗಾಗಿ ‘ಕುಂಟ’ ಎಂಬ ಪದದ ಹೊಟ್ಟೆಯಲ್ಲೇ ಅದಕ್ಕೆ ಗಡಿ ಕಾಣುತ್ತದೆ.

ಸರಿ, ಗಡಿ ನೋಡುವುದೇ ಬೇಡ ಅಂತ ಹೇಳಿದೆ. ವೇಲ್‌ನಲ್ಲಿ ಅದಕ್ಕೂ ಒಂದು ಸೆಟ್ಟಿಂಗ್ ಇದೆ. ಅಲ್ಲಿಂದ ಶುರುವಾಯಿತು ನೋಡಿ ಮಜಾ. ‘ಹುಚ್ಚ’ ಎಂದು ಹಾಕಿದ್ದಕ್ಕೆ ಹುಚ್ಚೆಳ್ಳು ಸಿಕ್ಕಿಬಿತ್ತು. ‘ಕುಂಟ’ ಎಂದಿದ್ದಕ್ಕೆ ಹೊಲದಲ್ಲಿ ಹೊಡೆಯುವ ಕುಂಟೆ, ಮಕ್ಕಳ ಕುಂಟೆಬಿಲ್ಲೆ. ವಿಧವೆಯರನ್ನು ಬೈಯುವ ಆ ಪದ ಇದೆಯಲ್ಲ, ‘ಮುಂಡೆ’, ಅದರ ಎಲ್ಲ ರೂಪಗಳೂ ಸಿಗಲಿ, ‘ಮುಂಡೇದು’ ಕೂಡ ಸಿಗಲಿ ಎಂದು ಕೊನೆಯ ಸ್ವರ ಕತ್ತರಿಸಿದೆ. ಗದಗ ಜಿಲ್ಲೆಯ ಮುಂಡರಗಿ, ಉತ್ತರ ಕನ್ನಡದ ಮುಂಡಗೋಡ, ತಲೆ ಮೇಲಿನ ಮುಂಡಾಸು ಎಲ್ಲ ಆರೋಪಿಗಳಾದವು.

ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಸಂಧಿ ಆದರೆ ಮೂಲದ ಕೊನೆಯೇ ಬದಲಾಗುತ್ತದೆ. ಇಂಗ್ಲಿಷ್ ಥರ ಪಟ್ಟಿ ಇಟ್ಟುಕೊಂಡು ಹುಡುಕುವುದು ಇಲ್ಲಿ ನಡೆಯುವುದಿಲ್ಲ, ಪದವನ್ನು ಬಿಡಿಸುವ ಯಂತ್ರ ಮೊದಲು ಬೇಕು.

ಕೋಡುಬಳೆ
ಓತ್ವದ ದೀರ್ಘದ ಕಥೆ ಬಿಟ್ಟಿರಿ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್ ಕೋಡ್ ಕೊಡುವ ಪದ್ಧತಿ) ಅದು ಒಂದೇ ಕೋಡ್ ಆಗಿಯೂ ಬರಬಹುದು, ಬಿಡಿಬಿಡಿ ತುಂಡುಗಳಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲು ನಾರ್ಮಲೈಸ್ ಮಾಡದಿದ್ದರೆ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ, ಒಂದು ‘ಬೋಳಿ’ ಸಿಕ್ಕುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ.

ಲಂಡನ್_ಬಸ್ಸು
ಮುಂಡರಗಿಯವರು ಬೇಜಾರು ಮಾಡಿಕೊಳ್ಳಬೇಡಿ, ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಎಂಬ ಊರಿದೆ. 1996ರಲ್ಲಿ ಆ ಊರಿನವರಿಗೆ ಎಓಎಲ್ ಎಂಬ ಇಂಟರ್‌ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರ ಹೆಸರಿನ ನಡುವೆ ನಾಲ್ಕಕ್ಷರದ ಬೈಗುಳ ಕೂತಿತ್ತು. ಈಗ ಈ ತೊಂದರೆಯನ್ನೇ ಆ ಊರಿನ ಹೆಸರಲ್ಲಿ ಕರೆಯುತ್ತಾರೆ. ನಾವು ‘ಮುಂಡರಗಿ ತೊಂದರೆ’ ಅನ್ನೋಣ.

ಧಾರವಾಡ_ಫೇಡಾ
ನಮ್ಮ ಕಡೆ ಗೆಳೆಯನ ‘ಯಾಕಲೇ ಮಗನ, ಎಲ್ಲಿ ಹೋಗಿದ್ದಿ’ ಅಂತ ಕರಿಯೂದು ಪ್ರೀತಿಲೇ ರೀ. ನಿಮ್ಮ ಟೂಲ್ ಬೆಂಗಳೂರಿನವರು ಮಾಡಿದ್ರ ಅದಕ್ಕ ಇಡೀ ಉತ್ತರ ಕರ್ನಾಟಕನ ಬೈಗುಳ ಅನಸ್ತದ.

ಮೇಷ್ಟ್ರ_ಮಗ
ಮಂಡ್ಯದವರ ಪಾಡು ಕೇಳಲೇಬೇಡಿ. ಸರ್ವರ್ರೇ ಸುಟ್ಟುಹೋಗುತ್ತದೆ.

ಡೆಸ್ಕ್_ರಾತ್ರಿಪಾಳಿ
ನಾನು ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ, ಹೆಸರು ಬೇಡ. ನೀವೆಲ್ಲ ಪದದ ಹಿಂದೆ ಬಿದ್ದಿದ್ದೀರಿ. ನನಗೆ ದಿನಾ ಕಾಣುವುದು ಬೇರೆ.

ಒಂದೇ ಪುಟದಲ್ಲಿ ಎರಡು ಸುದ್ದಿ ಬರುತ್ತವೆ ಅಂದುಕೊಳ್ಳಿ. ಮೇಲೆ: ‘ಕಾರು ಅಪಘಾತದಲ್ಲಿ ಉದ್ಯಮಿ ನಿಧನರಾಗಿದ್ದಾರೆ.’ ಕೆಳಗೆ: ‘ಗೋಡೆ ಕುಸಿದು ಕೂಲಿ ಕಾರ್ಮಿಕ ಸತ್ತಿದ್ದಾನೆ.’ ಎರಡರಲ್ಲೂ ಒಂದಾದರೂ ಕೆಟ್ಟ ಪದ ಇದೆಯಾ? ಇಲ್ಲ. ಯಾವ ಪಟ್ಟಿಗೂ ಇದು ಸಿಗುವುದಿಲ್ಲ. ಒಬ್ಬರಿಗೆ ‘ದ್ದಾರೆ’, ಇನ್ನೊಬ್ಬರಿಗೆ ‘ದ್ದಾನೆ’. ಸಚಿವರು ಹೇಳಿದರು, ಆಟೊ ಚಾಲಕ ಹೇಳಿದ. ಡಾಕ್ಟರ್ ಬಂದರು, ಆಯಾ ಬಂದಳು. ಮನೆಕೆಲಸದವರ ವಯಸ್ಸು ಅರವತ್ತಾದರೂ ‘ಅವಳು’. ಕನ್ನಡದಲ್ಲಿ ಜನರನ್ನು ಸಣ್ಣವರನ್ನಾಗಿ ಮಾಡುವ ಕೆಲಸ ನಡೆಯುವುದು ಕ್ರಿಯಾಪದದ ಬಾಲದಲ್ಲಿ.

ಬರೆದವರು ಬೇಕೆಂದೇ ಮಾಡುವುದಿಲ್ಲ. ಕೈ ತಾನಾಗಿ ಹಾಗೆ ಓಡುತ್ತದೆ. ವರದಿಗಾರರು ಪೊಲೀಸ್ ಪ್ರಕಟಣೆ ನೋಡಿ ಬರೆಯುತ್ತಾರೆ, ಅಲ್ಲಿ ಇದ್ದ ಏಕವಚನ ಹಾಗೆಯೇ ಪುಟಕ್ಕೆ ಬರುತ್ತದೆ. ಒಂದು ಟೂಲ್ ಇಂಥದ್ದನ್ನು ಹಿಡಿದು ‘ಇವರಿಗೆ ಯಾಕೆ ಏಕವಚನ?’ ಎಂದು ಕೇಳಿದರೆ ನಾನು ನಾಳೆಯೇ ಹಾಕಿಸುತ್ತೇನೆ.

ಅಡಿಟಿಪ್ಪಣಿ
@ಡೆಸ್ಕ್_ರಾತ್ರಿಪಾಳಿ ಇದು ಹೊಳೆದೇ ಇರಲಿಲ್ಲ. ನಮ್ಮ ಆ್ಯಪ್‌ನಲ್ಲಿ ‘ಇಂಥವರು ನಿಮ್ಮ ಫೋಟೊ ಇಷ್ಟಪಟ್ಟಿದ್ದಾರೆ’ ಎಂದು ಎಲ್ಲರಿಗೂ ಬಹುವಚನವೇ ಇದೆ. ಹೆಸರಿನಿಂದ ಗಂಡೋ ಹೆಣ್ಣೋ ಗೊತ್ತಾಗದಿದ್ದರೂ ನಡೆಯುತ್ತದೆ. ಹಿಂದಿ ಟೀಮ್‌ನವರಿಗೆ ಆ ಸುಖ ಇಲ್ಲ. ಅವರಲ್ಲಿ ಮರ್ಯಾದೆಯ ರೂಪದಲ್ಲೂ ಕ್ರಿಯಾಪದ ಗಂಡು ಹೆಣ್ಣು ಎಂದು ಬೇರೆಯಾಗುತ್ತದೆ.

ಪೈಪ್‌ಲೈನ್_ರಿಪೇರಿ
ಹಾಗಾದರೆ ಕೊಲೆ ಆರೋಪಿಗೂ ‘ಅವರು ಚಾಕು ಹಾಕಿದರು’ ಅಂತ ಬರೆಯಬೇಕಾ? ಓದುಗರು ಕಲ್ಲು ಹೊಡೆಯುತ್ತಾರೆ.

ಡೆಸ್ಕ್_ರಾತ್ರಿಪಾಳಿ
ಆರೋಪಿ ಶಾಸಕರಾದರೆ ಈಗಲೂ ‘ಅವರು’ ಎಂದೇ ಬರೆಯುತ್ತೇವಲ್ಲ ಸರ್. ಆಗ ಯಾರೂ ಕಲ್ಲು ಹೊಡೆದಿಲ್ಲ.

ಸಾಲುಮರ
👏

ಬಾಡಿಗೆ_ಮನೆ
ಸ್ವಲ್ಪ ದಾರಿ ತಪ್ಪಿಸುತ್ತೇನೆ. 2022ರಲ್ಲಿ ಗೂಗಲ್ ಡಾಕ್ಸ್‌ನಲ್ಲಿ ಇಂಥದ್ದೊಂದು ಬಂದಿತ್ತು, ನೆನಪಿದೆಯಾ? ‘ಲ್ಯಾಂಡ್‌ಲಾರ್ಡ್’ ಎಂದು ಬರೆದರೆ, ಇದು ಎಲ್ಲರನ್ನೂ ಒಳಗೊಳ್ಳುವ ಪದ ಅಲ್ಲ, ‘ಪ್ರಾಪರ್ಟಿ ಓನರ್’ ಅನ್ನಿ ಅಂತಿತ್ತು. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಲಾರ್ಡ್ ಎಂಬ ಪದವೇ ಕಮ್ಮಿ ಅನಿಸುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವವರನ್ನು ಬರೀ ಓನರ್ ಅಂದರೆ ಹೇಗೆ?

ತಮಾಷೆ ಬಿಡಿ. ಟು-ಲೆಟ್ ಬೋರ್ಡ್ ನೋಡಿ. ‘ವೆಜಿಟೇರಿಯನ್ ಫ್ಯಾಮಿಲಿಗೆ ಮಾತ್ರ.’ ಎಷ್ಟು ನಯವಾದ ವಾಕ್ಯ! ಯಾವ ಟೂಲ್‌ಗೆ ಹಾಕಿದರೂ ಹಸಿರು ಟಿಕ್. ಆದರೆ ಅಲ್ಲಿ ಯಾರ್‍ಯಾರಿಗೆ ಬಾಗಿಲು ಹಾಕಿದ್ದಾರೆ ಅಂತ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಫೋನ್ ಮಾಡಿದರೆ ಎರಡನೇ ಪ್ರಶ್ನೆಯೇ ‘ನೀವು ಯಾವ ಪೈಕಿ?’

ಕೆರೆ_ಏರಿ
ಬಾಡಿಗೆ ಮನೆಯವರು ಹೇಳಿದ್ದು ಸರಿ. ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಾನು ದಲಿತ.

ನಮ್ಮ ಊರಿನ ಹೋಟೆಲ್‌ನಲ್ಲಿ ನನ್ನ ತಮ್ಮನಿಗೆ ಜಾತಿ ಹಿಡಿದು ಬೈದರು. ಏನೆಂದು ಬೈದರು ಅಂತ ಒಂದು ಜಾಲತಾಣದಲ್ಲಿ ಹಾಗೆಯೇ ಬರೆದೆ. ಅರ್ಧ ಗಂಟೆಯಲ್ಲಿ ಪೋಸ್ಟ್ ಮಾಯ. ‘ದ್ವೇಷದ ಭಾಷೆ’ ಬಳಸಿದ್ದೀರಿ ಅಂತ ನನಗೇ ನೋಟಿಸ್. ಬೈದವನಿಗೆ ಏನೂ ಇಲ್ಲ, ಅವನು ಬಾಯಲ್ಲಿ ಬೈದ, ಅವನ ಮುಂದೆ ಯಾವ ಟೂಲೂ ಇರಲಿಲ್ಲ. ಪೊಲೀಸ್ ಠಾಣೆಗೆ ಹೋದರೆ ಉಲ್ಟಾ. ಅಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಅಂದರೆ ಸಾಲದು, ಯಾವ ಶಬ್ದ ಅಂತ ದೂರಿನಲ್ಲಿ ಬರೆಸಬೇಕು. ಇಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸ್ ನಿಲ್ಲುವುದು ಕಷ್ಟ. ಒಂದು ಕಡೆ ಹೇಳಬೇಕು, ಇನ್ನೊಂದು ಕಡೆ ಹೇಳಬಾರದು.

ಹಾಗಂತ ಪದಗಳು ಮುಖ್ಯವಲ್ಲ ಎನ್ನುವವರ ಜೊತೆ ನಾನಿಲ್ಲ. @ಪೈಪ್‌ಲೈನ್_ರಿಪೇರಿ, ಪದ ಬದಲಾದರೆ ಬದುಕು ಬದಲಾಗುತ್ತಾ ಅಂತ ಕೇಳಿದಿರಿ. ‘ಹರಿಜನ’ ಎಂಬ ಪದ ಬಳಸಬೇಡಿ ಎಂದು ಕೇಂದ್ರ ಸರ್ಕಾರ 1982ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಈಗಲೂ ಎಷ್ಟೋ ಊರಿನ ದಾಖಲೆಯಲ್ಲಿ, ಬಾಯಲ್ಲಿ ‘ಹರಿಜನ ಕಾಲೊನಿ’ ಇದೆ. ಅರ್ಜಿಯ ವಿಳಾಸದಲ್ಲಿ ಅದನ್ನು ಬರೆಯುವ ಹುಡುಗನಿಗೆ, ವಿಳಾಸ ನೋಡಿದ ತಕ್ಷಣ ಎದುರಿಗಿದ್ದವರ ಮುಖ ಹೇಗೆ ಬದಲಾಗುತ್ತದೆ ಅಂತ ಗೊತ್ತಿರುತ್ತದೆ. ಪದ ಬದಲಾಯಿಸಿದರೆ ಎಲ್ಲ ಸರಿಹೋಗುವುದಿಲ್ಲ. ಬದಲಾಯಿಸದೆ ಇಟ್ಟುಕೊಂಡರೆ ದಿನಾ ಹೊಡೆತ ತಿನ್ನುವವರು ನೀವಲ್ಲ.

ಪೈಪ್‌ಲೈನ್_ರಿಪೇರಿ
@ಕೆರೆ_ಏರಿ ನೀವು ಹೇಳಿದ್ದು ಮನುಷ್ಯರ ವಿಷಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಕೋಡ್ ಒಳಗಿನ ಹೆಸರುಗಳ ಬಗ್ಗೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವ ಟೂಲ್ ಬಗ್ಗೆ. ‘ಹೋಸ್ಟ್’ಗೂ ಜಾತಿ ಬೈಗುಳಕ್ಕೂ ಒಂದೇ ಹಳದಿ ಎಚ್ಚರಿಕೆ ತೋರಿಸಿದರೆ ಜನ ಎರಡನ್ನೂ ನೋಡದೆ ಮುಂದೆ ಹೋಗುತ್ತಾರೆ.

ಕೆರೆ_ಏರಿ
ಅದು ಒಪ್ಪುವ ಮಾತು.

ಸವಿತಾ_ಕನ್ನಡಿ
ಜಾತಿ ಬೈಗುಳ ಅಂದಾಗ ಎಲ್ಲರಿಗೂ ಪರಿಶಿಷ್ಟರ ಪಟ್ಟಿ ಮಾತ್ರ ನೆನಪಾಗುತ್ತದೆ. ‘ಹಜಾಮ’ ಪದವನ್ನು ಬೈಗುಳ ಮಾಡಿಕೊಂಡಿದ್ದಾರಲ್ಲ, ‘ಏನು ಹಜಾಮತಿ ಮಾಡ್ತಿದ್ದೀಯಾ’ ಅಂತಾರಲ್ಲ, ಅದನ್ನು ನಿಲ್ಲಿಸಿ ಎಂದು ಸವಿತಾ ಸಮಾಜದವರು ವರ್ಷಗಳಿಂದ ಹೇಳುತ್ತಿದ್ದೇವೆ. ನಮ್ಮ ಅಪ್ಪನ ಕಸುಬು ನಿಮ್ಮ ಬೈಗುಳ. ಸಿನಿಮಾ ಡೈಲಾಗ್, ಮೀಮ್, ಆಫೀಸ್ ವಾಟ್ಸ್‌ಆ್ಯಪ್ ಎಲ್ಲ ಕಡೆ ಇದೆ. ಒಂದು ಟೂಲ್ ಈ ಒಂದೇ ಪದ ಹಿಡಿದರೂ ನನಗೆ ಸಂತೋಷ.

ನಡುಮನೆ
ಗಾದೆಗಳನ್ನು ಏನು ಮಾಡುತ್ತೀರಿ? 2023ರಲ್ಲಿ ಒಬ್ಬ ದೊಡ್ಡ ನಟರು ಲೈವ್‌ನಲ್ಲಿ ಊರು, ಕೇರಿಯ ಗಾದೆಯೊಂದನ್ನು ಸಲೀಸಾಗಿ ಹೇಳಿದರು. ಅವರ ಮೇಲೆ ದೂರು ದಾಖಲಾಯಿತು, ವಿಡಿಯೊ ತೆಗೆದು ಕ್ಷಮೆ ಕೇಳಿದರು. ನಮ್ಮ ಅರ್ಧ ಗಾದೆಗಳು ಯಾರದೋ ಜಾತಿ, ಯಾರದೋ ಅಂಗ, ಇಲ್ಲಾ ಹೆಂಗಸರ ಮೇಲೆ ನಿಂತಿವೆ. ಕುಂಟು ನೆಪ, ಜಾಣ ಕುರುಡು, ಕಿವುಡ ಸರ್ಕಾರ. ಇದನ್ನೆಲ್ಲ ತೆಗೆದರೆ ಸಂಪಾದಕೀಯ ಬರೆಯುವವರಿಗೆ ಕೆಲಸ ಇರುವುದಿಲ್ಲ.

ರೀಡರ್_ಆನ್
ನಾನು ಕುರುಡ. ಹುಟ್ಟಿನಿಂದ. ಬ್ಯಾಂಕಿನಲ್ಲಿ ಕೆಲಸ. ಇದನ್ನೆಲ್ಲ ಎನ್‌ವಿಡಿಎ ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಂಡು ಬರೆಯುತ್ತಿದ್ದೇನೆ.

ನನ್ನನ್ನು ಕರೆಯಲು ಎಷ್ಟು ಪದ ಬಂದವು ನೋಡಿ. ಅಂಗವಿಕಲ, ವಿಕಲಚೇತನ, ವಿಶೇಷಚೇತನ. ಪ್ರಧಾನಿಯವರು 2015ರ ಡಿಸೆಂಬರ್‌ನಲ್ಲಿ ರೇಡಿಯೊದಲ್ಲಿ ‘ದಿವ್ಯಾಂಗ’ ಅಂದರು, ಮುಂದಿನ ವರ್ಷ ಕೇಂದ್ರದ ಇಲಾಖೆಯ ಹೆಸರಿಗೂ ಅದು ಸೇರಿತು. ಅಂಗವಿಕಲರ ಎಷ್ಟೋ ಸಂಘಟನೆಗಳು ಆಗಲೇ ಬೇಡ ಎಂದಿದ್ದವು. ನನ್ನ ಕಣ್ಣಿನಲ್ಲಿ ದಿವ್ಯವಾದದ್ದು ಏನೂ ಇಲ್ಲ ಸ್ವಾಮಿ, ಅದು ಕೆಲಸ ಮಾಡುವುದಿಲ್ಲ ಅಷ್ಟೆ. ಟೂಲ್ ಇದರಲ್ಲಿ ಯಾವ ಪದವನ್ನು ಸೂಚಿಸುತ್ತದೆ? ಯಾರನ್ನು ಕೇಳಿ ಆ ಪಟ್ಟಿ ಮಾಡಿದರು? ‘ಕುರುಡ’ ಅಂದರೆ ನನಗೆ ಬೇಜಾರಿಲ್ಲ, ನನ್ನ ಗೆಳೆಯನಿಗೆ ‘ಅಂಧ’ ಅನ್ನಬೇಕು. ‘ಜಾಣ ಕುರುಡು’ ಮಾತ್ರ ನನಗೂ ಕಿರಿಕಿರಿ. ನಾವು ನೋಡದಿರುವುದು ಆಗದೇ ಇರುವುದಕ್ಕೆ, ಬೇಕೆಂದು ಅಲ್ಲ.

ಇನ್ನು ನಿಜವಾಗಿ ನನ್ನನ್ನು ಹೊರಗಿಡುವುದು ಯಾವುದು ಹೇಳುತ್ತೇನೆ. ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಸುತ್ತೋಲೆಗಳು. ನಿಮ್ಮ ಕಣ್ಣಿಗೆ ಚಂದದ ಕನ್ನಡ. ನನ್ನ ಸ್ಕ್ರೀನ್ ರೀಡರ್‌ಗೆ ಅದರ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ. ಒಂದು ಸಲ ಅಂಗವಿಕಲರ ಸೌಲಭ್ಯದ ಬಗ್ಗೆಯೇ ಇದ್ದ ಸುತ್ತೋಲೆ ಹಾಗೆ ಬಂದಿತ್ತು. ಒಳಗೆ ‘ವಿಶೇಷಚೇತನರು’ ಎಂದು ಬಹಳ ಗೌರವದಿಂದ ಬರೆದಿದ್ದರಂತೆ, ಪಕ್ಕದ ಕೌಂಟರ್‌ನ ಮೇಡಂ ಓದಿ ಹೇಳಿದರು.

ಅಡಿಟಿಪ್ಪಣಿ
@ರೀಡರ್_ಆನ್ ಇದನ್ನು ನಮ್ಮ ಟೀಮ್‌ಗೆ ಹಾಗೆಯೇ ಕಳಿಸಬಹುದೇ ಸರ್? ನಮ್ಮ ಆ್ಯಪ್‌ನಲ್ಲಿ ಚಿತ್ರಗಳಿಗೆ ವಿವರಣೆ ಕನ್ನಡದಲ್ಲಿ ಹಾಕಿಯೇ ಇಲ್ಲ.

ರೀಡರ್_ಆನ್
ಕಳಿಸಿ. ಹೆಸರು ಕೇಳಿದರೆ ‘ಒಬ್ಬ ಗ್ರಾಹಕರು’ ಅನ್ನಿ. ಬಟನ್‌ಗಳಿಗೂ ಹೆಸರು ಹಾಕಿಸಿ, ಎಲ್ಲವೂ ‘ಬಟನ್ ಬಟನ್ ಬಟನ್’ ಅನ್ನುತ್ತವೆ.

ವಕೀಲರ_ಕೋಟು
ಎರಡು ಮಾಹಿತಿ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಲಿಂಗ ತಾರತಮ್ಯದ ಭಾಷೆ ಬಗ್ಗೆ ಕೈಪಿಡಿ ಹೊರಡಿಸಿತು. ‘ಈವ್ ಟೀಸಿಂಗ್’ ಬೇಡ, ‘ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ’ ಅನ್ನಿ. ‘ಹೌಸ್‌ವೈಫ್’ ಬದಲು ‘ಹೋಮ್‌ಮೇಕರ್’. ‘ಕರ್ತವ್ಯನಿಷ್ಠ ಪತ್ನಿ’ ಬೇಡ, ‘ಪತ್ನಿ’ ಸಾಕು. 2024ರ ಜುಲೈನಲ್ಲಿ ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸುವ ಬಗ್ಗೆಯೂ ಅದೇ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ. ಟೂಲ್ ಮಾಡುವವರಿಗೆ ಇವೆರಡು ಒಳ್ಳೆಯ ಶುರು. ಅಮೆರಿಕದ ಪಟ್ಟಿಗಿಂತ ನಮ್ಮ ನೆಲದ್ದು.

ಡೆಸ್ಕ್_ರಾತ್ರಿಪಾಳಿ
ಆ ಕೈಪಿಡಿ ಓದಿದ್ದೇನೆ. ನಮ್ಮ ಕನ್ನಡದ ಹೆಡ್‌ಲೈನ್ ಒಂದಕ್ಕೆ ಅದರಲ್ಲಿ ಮದ್ದಿಲ್ಲ. ‘ಶೀಲ ಶಂಕಿಸಿ ಪತ್ನಿ ಕೊಲೆ.’ ನಾಲ್ಕೇ ಪದ. ಕೊಂದವನು ವಾಕ್ಯದಲ್ಲೇ ಇಲ್ಲ. ಅವನು ಕೊಟ್ಟ ಕಾರಣ ಮಾತ್ರ ಮೊದಲು ಬಂದು ಕೂತಿದೆ, ಸತ್ತವರ ಶೀಲದ ಮೇಲೆ ಪ್ರಶ್ನೆ ಸಮೇತ. ನಾವು ಒಳಗೆ ಜಗಳ ಮಾಡಿ ‘ಪತ್ನಿಯನ್ನು ಕೊಂದ ಪತಿ ಬಂಧನ’ ಎಂದು ಬದಲಾಯಿಸುತ್ತೇವೆ. ಜಾಗ ಕಮ್ಮಿ ಇದ್ದ ದಿನ ಹಳೆಯದೇ ವಾಪಸ್ ಬರುತ್ತದೆ. ಅಳತೆಗೆ ಸರಿ ಕೂರುತ್ತದೆ ಅಂತ.

ನ್ಯೂಜೆರ್ಸಿ_ನುಗ್ಗೆಕಾಯಿ
ಪಟ್ಟಿ ಉದ್ದ ಆದರೆ ಏನಾಗುತ್ತದೆ ಅಂತ ಇಲ್ಲಿ ನೋಡಿದ್ದೇವೆ. 2022ರ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಐಟಿ ವಿಭಾಗದ್ದೊಂದು ಪಟ್ಟಿ ಹೊರಬಿತ್ತು. ತಮ್ಮ ವೆಬ್‌ಸೈಟ್‌ಗಳಿಂದ ತೆಗೆಯಬೇಕಾದ ಪದಗಳು. ಅದರಲ್ಲಿ ‘ಅಮೆರಿಕನ್’ ಕೂಡ ಇತ್ತು! ಊರೆಲ್ಲ ನಕ್ಕಿತು, 2023ರ ಜನವರಿಯಲ್ಲಿ ತೆಗೆದುಹಾಕಿದರು. ನಿಜವಾಗಿ ಕೆಲಸಕ್ಕೆ ಬರುವ ಸಲಹೆಗಳೂ ಅದರಲ್ಲಿದ್ದವು, ನಗೆಯಲ್ಲಿ ಅವೂ ಹೋದವು.

ಎಚ್ಆರ್_ಅಕ್ಕ
ನಮ್ಮ ಕೆಲಸದ ಜಾಹೀರಾತುಗಳನ್ನು ಇಂಥ ಟೂಲ್‌ನಲ್ಲಿ ಹಾಕುತ್ತೇವೆ. ‘ರಾಕ್‌ಸ್ಟಾರ್’, ‘ನಿಂಜಾ’ ಎಲ್ಲ ತೆಗೆಯುತ್ತೇವೆ, ಒಳ್ಳೆಯದೇ. ಆಮೇಲೆ ಇಂಟರ್‌ವ್ಯೂನಲ್ಲಿ ‘ಮದುವೆ ಯಾವಾಗ ಮಾಡ್ಕೋತೀರಾ’ ಅಂತ ಹುಡುಗಿಯರನ್ನು ಕೇಳುವವರ ಬಾಯಿಗೆ ಯಾವ ಟೂಲ್ ಹಾಕುವುದೋ ಗೊತ್ತಿಲ್ಲ.

ಹೊಸಬ_23
ಇಷ್ಟೆಲ್ಲ ಯಾಕೆ, ಎಐಗೆ ಕೇಳಿದರೆ ಆಯ್ತಲ್ಲ?

ಧಾರವಾಡ_ಫೇಡಾ
ಕೇಳೇನಿ ತಮ್ಮಾ. ನಮ್ಮ ಅಜ್ಜಿ ಹೇಳಿದ ಒಂದು ಮಾತು ಹಾಕಿ ‘ಇದರಾಗ ಯಾರಿಗರೆ ಬ್ಯಾಸರ ಆಗೂವಂಥಾದ್ದು ಐತೇನು’ ಅಂದೆ. ಏನೂ ಇಲ್ಲ ಅಂತ ಹೇಳಿ, ಇಡೀ ಮಾತನ್ನ ಪಠ್ಯಪುಸ್ತಕದ ಕನ್ನಡ ಮಾಡಿ ಕೊಡ್ತು. ನಮ್ಮ ಭಾಷಾನ ತಪ್ಪು ಅಂತ ತಿಳಕೊಂಡದ.

ಸಾಲುಮರ
ಅದು ಕನ್ನಡದ್ದಷ್ಟೇ ಅಲ್ಲ. ದ್ವೇಷದ ಮಾತು ಹಿಡಿಯುವ ಯಂತ್ರಗಳು ಅಮೆರಿಕದ ಕಪ್ಪು ಜನರ ಆಡುಮಾತನ್ನು ಹೆಚ್ಚಾಗಿ ‘ಕೆಟ್ಟದ್ದು’ ಅನ್ನುತ್ತವೆ ಎಂದು 2019ರಲ್ಲೇ ಸಂಶೋಧಕರು ತೋರಿಸಿದ್ದರು. ಕಲಿಸಿದ ಡೇಟಾ ಯಾರದ್ದೋ, ರುಚಿಯೂ ಅವರದ್ದೇ. ಕನ್ನಡದಲ್ಲಿ ಯೂಟ್ಯೂಬ್ ಕಾಮೆಂಟ್‌ಗಳನ್ನು ಗುಡ್ಡೆ ಹಾಕಿ, ತಮಿಳು ಮಲಯಾಳಂ ಜೊತೆ, ನಿಂದನೆಯ ಮಾತು ಗುರುತಿಸುವ ಸ್ಪರ್ಧೆ 2021ರಲ್ಲಿ ನಡೆದಿತ್ತು. ಅದು ಸಿನಿಮಾ ಟ್ರೇಲರ್ ಕೆಳಗಿನ ಜಗಳಕ್ಕೆ ಸರಿ. ಡೆಸ್ಕ್‌ನವರು ಕೇಳುವ ‘ದ್ದಾನೆ, ದ್ದಾರೆ’ಗೆ ಅದು ಆಗುವುದಿಲ್ಲ.

ಹುಚ್ಚೆಳ್ಳು_ಚಟ್ನಿ
@ಡೆಸ್ಕ್_ರಾತ್ರಿಪಾಳಿ ನಿನ್ನೆಯಿಂದ ನಿಮ್ಮ ಮಾತು ತಲೆಯಲ್ಲೇ ಇತ್ತು. ಒಂದು ರೂಲ್ ಬರೆದೆ. ಒಂದೇ ವಾಕ್ಯದಲ್ಲಿ ಕಾರ್ಮಿಕ, ಕೂಲಿ, ಚಾಲಕ, ಆಯಾ, ವ್ಯಾಪಾರಿ ಇಂಥ ಪದ ಇದ್ದು, ವಾಕ್ಯ ‘ಆನೆ’, ‘ಆಳೆ’, ‘ದ’, ‘ದಳು’ ಎಂದು ಮುಗಿದರೆ ‘ಇಲ್ಲಿ ಬಹುವಚನ ಬೇಕಾ ನೋಡಿ’ ಅನ್ನುತ್ತದೆ. ಎರರ್ ಅಲ್ಲ, ಬರೀ ಪ್ರಶ್ನೆ. ಪದದ ಕೊನೆ ಮಾತ್ರ ನೋಡುವುದರಿಂದ ಗಡಿಯ ಕಾಟ ಕಮ್ಮಿ, ಪೂರ್ಣವಿರಾಮವೇ ಗಡಿ.

ಕೆಲವು ಸುದ್ದಿಗಳ ಮೇಲೆ ಓಡಿಸಿದೆ. ಪರವಾಗಿಲ್ಲ, ಹಿಡಿಯುತ್ತದೆ. ‘ಲಾರಿ ಚಾಲಕ ಪರಾರಿಯಾಗಿದ್ದಾನೆ’ ಹಿಡಿಯಿತು. ‘ಹೂವಿನ ವ್ಯಾಪಾರಿ ಗಾಯಗೊಂಡಿದ್ದಾಳೆ’ ಹಿಡಿಯಿತು. ಆನೆ ದಾಳಿಯ ಸುದ್ದಿಯೊಂದರಲ್ಲಿ ‘ಕಾರ್ಮಿಕರ ಎದುರಿಗೆ ಬಂದಿದ್ದು ಒಂಟಿಯಾನೆ’ ಎಂಬ ವಾಕ್ಯವನ್ನೂ ಹಿಡಿಯಿತು. ಅದನ್ನು ಸರಿ ಮಾಡುತ್ತೇನೆ.

ಲಂಡನ್_ಬಸ್ಸು
ಆನೆಗೂ ಬಹುವಚನ ಕೊಡಿ. ಎದುರಿಗೆ ಬಂದರೆ ನಾವೆಲ್ಲ ಕೊಡುವುದೇ ಅಲ್ವಾ.

ನಡುಮನೆ
ಕಥೆ ಬರೆಯುವವರ ಗತಿ? ನನ್ನ ಪಾತ್ರ ಕೂಲಿ ಮಾಡುವವನು, ಅವನಿಗೆ ‘ಅವನು’ ಅನ್ನದೆ ‘ಅವರು’ ಅಂದರೆ ಇಡೀ ಕಥೆ ಸರ್ಕಾರಿ ಪ್ರಕಟಣೆ ಆಗುತ್ತದೆ.

ಕೆರೆ_ಏರಿ
ಕಥೆಯಲ್ಲಿ ಗೌಡರಿಗೂ ‘ಅವನು’ ಎಂದೇ ಬರೆಯಿರಿ, ತೊಂದರೆ ಇಲ್ಲ.

ನಡುಮನೆ
ಅದು ಬೇರೆ ಸರ್, ಗೌಡರ ಪಾತ್ರಕ್ಕೆ ವಯಸ್ಸಾಗಿದೆ.

ಕೆರೆ_ಏರಿ
ಕೂಲಿಯವನಿಗೆ ಎಷ್ಟು ವಯಸ್ಸು?

ಡೆಸ್ಕ್_ರಾತ್ರಿಪಾಳಿ
@ಹುಚ್ಚೆಳ್ಳು_ಚಟ್ನಿ ಆ ರೂಲ್ ಫೈಲ್ ಕಳಿಸಿ ಸರ್, ಇವತ್ತಿನ ಪಾಳಿಯಲ್ಲೇ ನೋಡುತ್ತೇನೆ. ‘ಪರಾರಿಯಾಗಿದ್ದಾನೆ’ಗೆ ನಮ್ಮ ಚೀಫ್ ಸಬ್ ಎಡಿಟರ್ ಒಪ್ಪುವುದಿಲ್ಲ, ಅದು ಜಗಳ ಆಗುತ್ತದೆ. ಗಾಯಗೊಂಡವರಿಗೆ, ಸತ್ತವರಿಗೆ ಮಾತ್ರ ಮೊದಲು ಹಾಕೋಣ. ಒಂದು ತೊಡಕು, ನಮ್ಮ ಪುಟ ವಿನ್ಯಾಸ ಇನ್ನೂ ಹಳೇ ಆಸ್ಕಿ ಫಾಂಟ್‌ನಲ್ಲೇ ನಡೆಯುತ್ತದೆ. ಯುನಿಕೋಡ್‌ನಲ್ಲಿ ಬಂದ ಕಾಪಿಯ ಮೇಲೆ, ಪುಟಕ್ಕೆ ಹೋಗುವ ಮೊದಲು ಓಡಿಸಬೇಕು.

ರೀಡರ್_ಆನ್
ನಿಮ್ಮ ಇ-ಪೇಪರ್ ನನಗೆ ಯಾಕೆ ಓದಲು ಬರುವುದಿಲ್ಲ ಅಂತ ಈಗ ಗೊತ್ತಾಯಿತು ಬಿಡಿ. ಯಾವ ಪತ್ರಿಕೆ ಅಂತ ಕೇಳುವುದಿಲ್ಲ.

ಡೆಸ್ಕ್_ರಾತ್ರಿಪಾಳಿ
ಕೇಳಬೇಡಿ ಸರ್. ವೆಬ್‌ಸೈಟ್ ಯುನಿಕೋಡ್‌ನಲ್ಲಿದೆ, ಅಲ್ಲಿ ಓದಬಹುದು. ಪುಟ ವಿನ್ಯಾಸದವರ ಜೊತೆ ಮಾತಾಡಿ ತಿಳಿಸುತ್ತೇನೆ.